ಸಾಂಕ್ರಾಮಿಕ ಪಿಡುಗಿನ ಕಾಲದಲ್ಲಿ ಡಿಜಿಟಲ್ ಆರೋಗ್ಯ ತಂತ್ರಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋವಿಡ್ ನಂತರ ಈ ವಿಷಯದಲ್ಲಿ ಜನರು, ಆರೋಗ್ಯ ಸಿಬ್ಬಂದಿ, ಸಾಫ್ಟ್‌ವೇರ್ ಕೆಲಸದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ಸುಲಭದ್ದು ಮೊದಲು, ಬಿಗಿಯಾದದ್ದು ಆಮೇಲೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರು ಮಾಡಬಹುದು.

## ಆರಂಭದ ಪ್ರಶ್ನೆಗಳು

ಡಿಜಿಟಲ್ ಆರೋಗ್ಯ ತಂತ್ರಜ್ಞಾನ ಅಂದ್ರೆ ಮೊಬೈಲ್ ಆ್ಯಪ್ ತಾನೆ?

ಆ್ಯಪ್ ನಮ್ಮ ಕಣ್ಣಿಗೆ ಬೀಳುವ ಭಾಗ, ಅಷ್ಟೆ. ಗಂಟಲ ದ್ರವದ ಮಾದರಿಗೆ ಅಂಟಿಸುವ ಬಾರ್‌ಕೋಡ್, ಲ್ಯಾಬ್‌ನ ಸಾಫ್ಟ್‌ವೇರ್, ಫಲಿತಾಂಶ ತಿಳಿಸುವ ಎಸ್ಸೆಮ್ಮೆಸ್, ಸೋಂಕಿತರ ಪಟ್ಟಿ, ಖಾಲಿ ಹಾಸಿಗೆಗಳ ಲೆಕ್ಕ, ಲಸಿಕೆ ಇಟ್ಟ ಫ್ರಿಜ್‌ನ ಉಷ್ಣತೆ ಅಳೆಯುವ ಸಂವೇದಕ, ವೈದ್ಯರ ವಿಡಿಯೊ ಕರೆ, ವೈರಸ್ಸಿನ ಜೀನೋಮ್ ಹಂಚಿಕೊಳ್ಳುವ ಜಾಲ, ಇವೆಲ್ಲವೂ ಇದೇ ಮಾತಿನಡಿ ಬರುತ್ತವೆ. 2020ರಲ್ಲಿ ಹೆಚ್ಚು ಸುದ್ದಿಯಾದದ್ದು ಆ್ಯಪ್‌ಗಳು. ಹೆಚ್ಚು ಕೆಲಸ ಮಾಡಿದ್ದು ಮಾತ್ರ ಹೆಸರೇ ಕೇಳದ ಈ ಹಿಂಬದಿಯ ವ್ಯವಸ್ಥೆಗಳು.

ಇದರಿಂದ ನಿಜವಾಗ್ಲೂ ಆಗೋ ಲಾಭ ಏನು?

ಸಮಯ ಉಳಿಯುತ್ತದೆ. ಕೋವಿಡ್ ಸೋಂಕಿತರು ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಸೋಂಕು ಹರಡಬಲ್ಲರು. ಸೋಂಕು ತಗುಲಿ ಲಕ್ಷಣ ಕಾಣಲು ಮೂಲ ತಳಿಯಲ್ಲಿ ಸರಾಸರಿ 5 ದಿನ, ಒಮಿಕ್ರಾನ್‌ನಲ್ಲಿ ಸುಮಾರು 3 ದಿನ ಹಿಡಿಯುತ್ತಿತ್ತು. ಈಗ ಹೀಗೆ ಲೆಕ್ಕ ಹಾಕಿ: ಜ್ವರ ಬಂದವರು ಪರೀಕ್ಷೆಗೆ ಹೋಗಲು 2 ದಿನ, ಮಾದರಿ ಲ್ಯಾಬ್ ತಲುಪಲು 1 ದಿನ, ಫಲಿತಾಂಶಕ್ಕೆ 2 ದಿನ, ಅವರ ಸಂಪರ್ಕಿತರಿಗೆ ಕರೆ ಹೋಗಲು 1 ದಿನ. ಒಟ್ಟು 6 ದಿನ. ಅಷ್ಟರಲ್ಲಿ ಆ ಸಂಪರ್ಕಿತರು ಇನ್ನೊಬ್ಬರಿಗೆ ಸೋಂಕು ದಾಟಿಸಿ ಆಗಿರುತ್ತದೆ. ಎಷ್ಟೇ ಒಳ್ಳೆಯ ಸಂಪರ್ಕ ಪತ್ತೆ ಆ್ಯಪ್ ತಂದರೂ ಈ ಸರಪಳಿಯ ಕೊನೆಯ 1 ದಿನವನ್ನು ಮಾತ್ರ ಉಳಿಸುತ್ತದೆ. ಉಳಿದ 5 ದಿನ ಎಲ್ಲಿ ಸೋರಿ ಹೋಗುತ್ತಿವೆ ಎಂದು ನೋಡದೆ ಆ್ಯಪ್‌ಗೆ ಹಣ ಸುರಿದ ದೇಶಗಳು ಒಂದೆರಡಲ್ಲ.

ಆದ್ದರಿಂದ ಯಾವುದೇ ಉಪಕರಣದ ಪ್ರಸ್ತಾಪ ಬಂದಾಗ ಮೊದಲು ಕೇಳಬೇಕಾದ್ದು ಒಂದೇ: ಸರಪಳಿಯ ಯಾವ ಕೊಂಡಿಯಲ್ಲಿ, ಎಷ್ಟು ಗಂಟೆ ಉಳಿಯುತ್ತದೆ?

ಹಾಗಾದ್ರೆ ಮೊದಲು ಏನನ್ನು ಕಟ್ಟಬೇಕು?

ಮಾದರಿಯಿಂದ ಫಲಿತಾಂಶದವರೆಗಿನ ದಾರಿಯನ್ನು. ಇದು ಯಾರಿಗೂ ಆಕರ್ಷಕವಾಗಿ ಕಾಣದ ಕೆಲಸ, ಆದರೆ ಇಲ್ಲಿ ತಪ್ಪಿದರೆ ಮುಂದಿನ ಎಲ್ಲವೂ ತಪ್ಪುತ್ತದೆ.

ಸ್ವ್ಯಾಬ್ ತೆಗೆಯುವ ಮೊದಲೇ ವ್ಯಕ್ತಿಯ ವಿವರ ನಮೂದಾಗಿ ಒಂದು ಮಾದರಿ ಸಂಖ್ಯೆ ಹುಟ್ಟಬೇಕು. ಅದೇ ಸಂಖ್ಯೆಯ ಬಾರ್‌ಕೋಡ್ ಚೀಟಿಗಳು ಮೂರಾದರೂ ಬೇಕು: ಒಂದು ಟ್ಯೂಬಿಗೆ, ಒಂದು ಅರ್ಜಿಗೆ, ಒಂದು ಸಂಗ್ರಹ ಕೇಂದ್ರದ ದಾಖಲೆ ಪುಸ್ತಕಕ್ಕೆ. ಟ್ಯೂಬಿನ ಮೇಲೆ ಉದ್ದುದ್ದಕ್ಕೆ ಅಂಟಿಸಬೇಕು. ಸುತ್ತಲೂ ಸುತ್ತಿದರೆ ಬಾಗಿದ ಗೆರೆಗಳನ್ನು ಸ್ಕ್ಯಾನರ್ ಓದುವುದಿಲ್ಲ. ಸಾಧಾರಣ ಕಾಗದದ ಚೀಟಿ ಫ್ರೀಜರ್‌ನಲ್ಲಿ ಕಳಚಿ ಬೀಳುತ್ತದೆ, ಸಾಧಾರಣ ಶಾಯಿ ಸ್ಯಾನಿಟೈಸರ್ ತಗುಲಿದರೆ ಅಳಿಸಿ ಹೋಗುತ್ತದೆ. ಲ್ಯಾಬ್‌ನಲ್ಲಿ ಯಾರೂ ಸಂಖ್ಯೆಯನ್ನು ಕೈಯಿಂದ ಟೈಪ್ ಮಾಡುವಂತಿರಬಾರದು, ಪ್ರತಿ ಹಂತದಲ್ಲೂ ಸ್ಕ್ಯಾನ್ ಆಗಬೇಕು. ಪ್ರತಿ ಸ್ಕ್ಯಾನ್‌ಗೂ ಸಮಯ ತಾನಾಗಿ ದಾಖಲಾದರೆ, ಮಾದರಿ ಎಲ್ಲಿ ಎಷ್ಟು ಹೊತ್ತು ಕೊಳೆಯಿತು ಎಂಬುದು ಬೇರೆ ಸಮೀಕ್ಷೆ ಇಲ್ಲದೆಯೇ ಗೊತ್ತಾಗುತ್ತದೆ.

ಸಾಮಾನ್ಯ ಎಡವಟ್ಟು ಇನ್ನೊಂದಿದೆ. ಮೊಬೈಲ್ ಸಂಖ್ಯೆಯನ್ನೇ ವ್ಯಕ್ತಿಯ ಗುರುತಾಗಿ ಬಳಸುವುದು. ಮನೆಯ ಐದು ಜನರಿಗೂ ಒಂದೇ ಫೋನ್ ಇದ್ದರೆ ಒಬ್ಬರ ಫಲಿತಾಂಶ ಇನ್ನೊಬ್ಬರ ಹೆಸರಿಗೆ ಸೇರುತ್ತದೆ. ಫೋನ್ ಸಂಖ್ಯೆ ಸಂಪರ್ಕಕ್ಕೆ ಮಾತ್ರ ಇರಲಿ. ಗುರುತಿಗೆ ಬೇರೆ ಸಂಖ್ಯೆ ಬೇಕು.

ತುರ್ತು ಅಂದ ಮೇಲೆ ಎಕ್ಸೆಲ್ ಶೀಟ್ ಸಾಕಲ್ವಾ?

ಮೊದಲ ವಾರಕ್ಕೆ, ಒಂದು ಜಿಲ್ಲೆಗೆ ಸಾಕು. ಅದನ್ನೇ ದೇಶದ ವ್ಯವಸ್ಥೆ ಮಾಡಿಕೊಂಡರೆ ಏನಾಗುತ್ತದೆಂದು ಇಂಗ್ಲೆಂಡ್ ನೋಡಿದೆ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಪಾಸಿಟಿವ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಲ್ಯಾಬ್‌ಗಳು ಕಳಿಸಿದ ಸಿಎಸ್‌ವಿ (ಸಾದಾ ಪಠ್ಯದ ಪಟ್ಟಿ) ಕಡತಗಳನ್ನು ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ಕಡತ ಮಾದರಿಗೆ ತುಂಬಲಾಗುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಒಂದು ಪ್ರಕರಣಕ್ಕೆ ಹಲವು ಸಾಲು ಬೇಕಾಗುತ್ತಿದ್ದುದರಿಂದ ಒಂದು ಕಡತಕ್ಕೆ ಸುಮಾರು 1,400 ಪ್ರಕರಣ ಮಾತ್ರ ಹಿಡಿಸುತ್ತಿತ್ತು. ಮಿಕ್ಕದ್ದು ಸದ್ದಿಲ್ಲದೆ ಉದುರಿಹೋಯಿತು. ಸೋಂಕಿತರಿಗೆ ಅವರ ಫಲಿತಾಂಶ ತಲುಪಿತ್ತು. ಅವರ ಸಂಪರ್ಕಿತರನ್ನು ಹುಡುಕುವ ಕೆಲಸ ಮಾತ್ರ ದಿನಗಟ್ಟಲೆ ನಿಂತಿತು.

ಈ ಬಗೆಯ ಸೋರಿಕೆಗೆ ಮದ್ದು ಸರಳ. ಕಳಿಸಿದ ಕಡೆ ಎಷ್ಟು ದಾಖಲೆ, ಬಂದ ಕಡೆ ಎಷ್ಟು ದಾಖಲೆ ಎಂದು ಪ್ರತಿ ರವಾನೆಯಲ್ಲೂ ಯಂತ್ರವೇ ಹೋಲಿಸಬೇಕು. ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ ಒಬ್ಬ ಮನುಷ್ಯನಿಗೆ ಸುದ್ದಿ ಮುಟ್ಟಿಸಬೇಕು.

## ಸಂಪರ್ಕ ಪತ್ತೆ

ಬ್ಲೂಟೂತ್‌ಗೆ ನಾನು ಯಾರ ಹತ್ರ ಎಷ್ಟು ದೂರದಲ್ಲಿ ನಿಂತಿದ್ದೆ ಅಂತ ಹೇಗೆ ಗೊತ್ತಾಗುತ್ತೆ?

ಗೊತ್ತಾಗುವುದಿಲ್ಲ, ಅಂದಾಜಾಗುತ್ತದೆ. ಎದುರಿನ ಫೋನಿನ ಸಂಕೇತ ಎಷ್ಟು ದುರ್ಬಲವಾಗಿ ಬಂತು ಎಂಬುದರ ಮೇಲೆ ದೂರವನ್ನು ಊಹಿಸಲಾಗುತ್ತದೆ. ತೊಂದರೆ ಇರುವುದೇ ಇಲ್ಲಿ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳನ್ನು ಮನುಷ್ಯನ ದೇಹದಲ್ಲಿರುವ ನೀರು ಹೀರಿಕೊಳ್ಳುತ್ತದೆ. ಒಂದೇ ಮೀಟರ್ ಅಂತರದಲ್ಲಿ ಎದುರುಬದುರು ಕೂತವರ ಫೋನುಗಳು ಹಿಂದಿನ ಜೇಬಿನಲ್ಲಿದ್ದರೆ ದೂರದಲ್ಲಿರುವಂತೆ ತೋರುತ್ತವೆ. ಲೋಹದ ಗೋಡೆಯಿರುವ ಬಸ್ಸು, ರೈಲುಗಳಲ್ಲಿ ತರಂಗ ಪ್ರತಿಫಲಿಸಿ ದೂರದವರೂ ಹತ್ತಿರ ಇದ್ದಂತೆ ಕಾಣುತ್ತಾರೆ. ಡಬ್ಲಿನ್‌ನ ಟ್ರಾಮ್ ಒಂದರಲ್ಲಿ 2020ರಲ್ಲಿ ನಡೆಸಿದ ಅಳತೆಯಲ್ಲಿ, ಇಟಲಿಯ ಆ್ಯಪ್ ಬಳಸುತ್ತಿದ್ದ ನಿಯಮ ಸರಿಯಾದ ಪತ್ತೆಯನ್ನೂ ತಪ್ಪು ಪತ್ತೆಯನ್ನೂ ಸುಮಾರು 50% ಪ್ರಮಾಣದಲ್ಲೇ ಕೊಟ್ಟಿತು. ಅಂದರೆ ನಾಣ್ಯ ಚಿಮ್ಮಿದಷ್ಟೇ ನಂಬಿಕೆ. ನಡುವೆ ಗೋಡೆ ಇತ್ತೋ, ಕಿಟಕಿ ತೆರೆದಿತ್ತೋ, ಮಾಸ್ಕ್ ಹಾಕಿದ್ದರೋ, ಇದಾವುದೂ ಬ್ಲೂಟೂತ್‌ಗೆ ತಿಳಿಯದು.

ನನ್ನ ಮಾಹಿತಿ ಸರ್ಕಾರದ ಸರ್ವರ್‌ಗೆ ಹೋಗುತ್ತಾ, ಫೋನಲ್ಲೇ ಇರುತ್ತಾ?

ಎರಡು ಬಗೆಯ ವಿನ್ಯಾಸಗಳಿವೆ. ಸಿಂಗಪುರ 2020ರ ಮಾರ್ಚ್ 20ರಂದು ತಂದ ಟ್ರೇಸ್‌ಟುಗೆದರ್‌ನಲ್ಲಿ, ಸೋಂಕು ದೃಢಪಟ್ಟವರು ತಮ್ಮ ಫೋನಿನ ಭೇಟಿ ದಾಖಲೆಯನ್ನು ಅಧಿಕಾರಿಗಳಿಗೆ ಕೊಡುತ್ತಿದ್ದರು, ಯಾರು ಯಾರೆಂದು ಸರ್ವರ್ ಗುರುತಿಸುತ್ತಿತ್ತು. ಆಪಲ್ ಮತ್ತು ಗೂಗಲ್ ಸೇರಿ 2020ರ ಮೇ 20ರಂದು ಬಿಡುಗಡೆ ಮಾಡಿದ ವ್ಯವಸ್ಥೆಯಲ್ಲಿ ಹೋಲಿಕೆ ನಡೆಯುತ್ತಿದ್ದುದು ಫೋನಿನೊಳಗೇ. ದಿನಕ್ಕೊಂದು ಗುಪ್ತ ಕೀಲಿ ಹುಟ್ಟುತ್ತಿತ್ತು, ಅದರಿಂದ ಸುಮಾರು 10ರಿಂದ 20 ನಿಮಿಷಕ್ಕೊಮ್ಮೆ ಬದಲಾಗುವ ಸಂಕೇತಗಳು ಹೊರಡುತ್ತಿದ್ದವು. ಸೋಂಕು ದೃಢಪಟ್ಟಾಗ ಇತ್ತೀಚಿನ 14 ದಿನಗಳವರೆಗಿನ ಕೀಲಿಗಳನ್ನು ಮಾತ್ರ ಪ್ರಕಟಿಸಲಾಗುತ್ತಿತ್ತು, ಉಳಿದವರ ಫೋನುಗಳು ತಾವು ಹಿಡಿದ ಸಂಕೇತಗಳಿಗೆ ಅವನ್ನು ಹೋಲಿಸುತ್ತಿದ್ದವು.

ಎರಡನೆಯದು ಖಾಸಗಿತನಕ್ಕೆ ಒಳ್ಳೆಯದು, ಆದರೆ ಸಾಂಕ್ರಾಮಿಕ ತಜ್ಞರಿಗೆ ಏನೂ ಕಾಣುವುದಿಲ್ಲ: ಸೋಂಕು ಎಲ್ಲಿ ಗುಂಪುಗಟ್ಟಿತು, ಎಚ್ಚರಿಕೆ ಎಷ್ಟು ಜನರಿಗೆ ಮುಟ್ಟಿತು, ಯಾವುದೂ ಇಲ್ಲ. ಮೊದಲನೆಯದಕ್ಕೆ ಇನ್ನೊಂದು ತಾಂತ್ರಿಕ ಅಡ್ಡಿ ಇತ್ತು. ಪರದೆ ಆರಿದ ಐಫೋನಿನಲ್ಲಿ ಹಿನ್ನೆಲೆಯಲ್ಲಿರುವ ಆ್ಯಪ್‌ಗೆ ಬ್ಲೂಟೂತ್ ಸರಿಯಾಗಿ ಒದಗುತ್ತಿರಲಿಲ್ಲ.

ಜನರು ಗಮನಿಸದ ಒಂದು ಕೊಂಡಿ ಎರಡರಲ್ಲೂ ಇದೆ. ಸುಳ್ಳು ಎಚ್ಚರಿಕೆ ತಡೆಯಲು, ಪಾಸಿಟಿವ್ ಆದವರಿಗೆ ಆರೋಗ್ಯ ಇಲಾಖೆಯ ದೃಢೀಕರಣ ಬೇಕು, ಸಾಮಾನ್ಯವಾಗಿ ಒಂದು ಕೋಡ್. ಆ ಕೋಡ್ ಫೋನ್ ಕರೆಯಲ್ಲಿ, ಎರಡು ದಿನ ತಡವಾಗಿ ಬಂದರೆ ಬಹುಪಾಲು ಜನ ಅದನ್ನು ಆ್ಯಪ್‌ಗೆ ಹಾಕುವ ಗೋಜಿಗೇ ಹೋಗುವುದಿಲ್ಲ. ಫಲಿತಾಂಶದ ಎಸ್ಸೆಮ್ಮೆಸ್‌ನಲ್ಲೇ ಕೋಡ್ ತಾನಾಗಿ ಹೋಗಬೇಕು.

ಕೋಟ್ಯಂತರ ಜನ ಡೌನ್‌ಲೋಡ್ ಮಾಡಿದ್ರಲ್ಲ, ಉಪಯೋಗ ಆಯ್ತಾ ಇಲ್ವಾ?

ಡೌನ್‌ಲೋಡ್ ಸಂಖ್ಯೆಯನ್ನು ನಂಬಬೇಡಿ. ಭೇಟಿಯಾದ ಇಬ್ಬರಲ್ಲೂ ಆ್ಯಪ್ ಇದ್ದರೆ ಮಾತ್ರ ಅದು ದಾಖಲಾಗುತ್ತದೆ. ಜನಸಂಖ್ಯೆಯ 40% ಬಳಸಿದರೆ ಎಲ್ಲ ಭೇಟಿಗಳಲ್ಲಿ ಸುಮಾರು 16% ಮಾತ್ರ ಸಿಗುತ್ತವೆ, 20% ಬಳಸಿದರೆ 4%.

ಅನುಭವ ದೇಶಕ್ಕೊಂದು ಬಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಬಂದ ಆ್ಯಪ್ ಅನ್ನು ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಜನಸಂಖ್ಯೆಯ ಸುಮಾರು 28% ಬಳಸಿದರು. ಅದರಿಂದ ತಪ್ಪಿದ ಸೋಂಕುಗಳು 2,84,000 ಎಂದು ಒಂದು ವಿಧಾನದ ಅಂದಾಜು, 5,94,000 ಎಂದು ಇನ್ನೊಂದರದು. ಆಸ್ಟ್ರೇಲಿಯಾದ ಕೋವಿಡ್‌ಸೇಫ್‌ಗೆ 2.1 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು ಖರ್ಚಾಯಿತು. 2022ರಲ್ಲಿ ಅದನ್ನು ಮುಚ್ಚುವಾಗ ಸರ್ಕಾರವೇ ಹೇಳಿದಂತೆ, ಸಿಬ್ಬಂದಿ ಪತ್ತೆ ಮಾಡದ ಪಾಸಿಟಿವ್ ಪ್ರಕರಣಗಳಲ್ಲಿ ಅದು ಹುಡುಕಿಕೊಟ್ಟದ್ದು ಎರಡೇ ಎರಡು. ಜಪಾನಿನ ಕೊಕೊವಾ ಆ್ಯಪ್‌ನ ಆಂಡ್ರಾಯ್ಡ್ ಆವೃತ್ತಿ 2020ರ ಸೆಪ್ಟೆಂಬರ್ ಕೊನೆಯ ಒಂದು ಅಪ್‌ಡೇಟ್ ನಂತರ ಎಚ್ಚರಿಕೆ ಕಳಿಸುವುದನ್ನೇ ನಿಲ್ಲಿಸಿತ್ತು. 2021ರ ಫೆಬ್ರುವರಿವರೆಗೆ ವಿಷಯ ಹೊರಬರಲಿಲ್ಲ. ಎಚ್ಚರಿಕೆ ಬರದಿದ್ದರೆ ಬಳಸುವವರು "ಸದ್ಯ, ಯಾರ ಸಂಪರ್ಕವೂ ಆಗಿಲ್ಲ" ಎಂದುಕೊಳ್ಳುತ್ತಾರೆಯೇ ಹೊರತು ದೂರು ಕೊಡುವುದಿಲ್ಲ. ಹಾಗಾಗಿ ಪ್ರತಿ ಅಪ್‌ಡೇಟ್ ಆದ ಮೇಲೆ ನಿಜವಾದ ಎರಡು ಫೋನುಗಳನ್ನು ಪಕ್ಕಪಕ್ಕ ಇಟ್ಟು, ಒಂದನ್ನು ಪಾಸಿಟಿವ್ ಎಂದು ಗುರುತಿಸಿ, ಇನ್ನೊಂದಕ್ಕೆ ಎಚ್ಚರಿಕೆ ಬರುತ್ತದೆಯೇ ಎಂದು ನೋಡಲೇಬೇಕು.

ಆ್ಯಪ್ ಇದ್ಮೇಲೆ ಸಿಬ್ಬಂದಿ ಮನೆ ಮನೆಗೆ ಯಾಕೆ ಹೋಗಬೇಕು?

"ಮನೆಯಲ್ಲೇ ಇರಿ" ಎಂಬ ಸಂದೇಶ ಬಂದವರಿಗೆ ಊಟ ಯಾರು ಕೊಡುತ್ತಾರೆ, ಕೂಲಿ ಹೋದರೆ ಏನು ಗತಿ, ವಯಸ್ಸಾದ ತಾಯಿಯನ್ನು ಯಾವ ಕೋಣೆಯಲ್ಲಿ ಇಡುವುದು? ಈ ಪ್ರಶ್ನೆಗಳಿಗೆ ಆ್ಯಪ್‌ನಲ್ಲಿ ಉತ್ತರವಿಲ್ಲ. ಉತ್ತರ ಸಿಗದವರು ಹೊರಗೆ ಹೋಗಿಯೇ ಹೋಗುತ್ತಾರೆ. ಸಿಬ್ಬಂದಿಯ ಕೆಲಸವನ್ನು ಹಗುರ ಮಾಡುವ ಉಪಕರಣ ಬೇಕು, ಅವರ ಜಾಗದಲ್ಲಿ ಕೂರುವ ಉಪಕರಣ ಅಲ್ಲ. ಪಶ್ಚಿಮ ಆಫ್ರಿಕಾದ ಎಬೋಲಾ ಹಾವಳಿಯ ಹೊತ್ತಿನಲ್ಲಿ ರೂಪುಗೊಂಡು ನೈಜೀರಿಯಾ ಬಳಸಿದ ಸೋರ್ಮಾಸ್ ಎಂಬ ಸಾಫ್ಟ್‌ವೇರ್ ಇದಕ್ಕೆ ಒಳ್ಳೆಯ ಉದಾಹರಣೆ. ಊರೂರು ತಿರುಗುವ ಸಿಬ್ಬಂದಿಗೆ ಇಂದು ಯಾರನ್ನು ನೋಡಬೇಕು ಎಂಬ ಕೆಲಸದ ಪಟ್ಟಿ ಅದರಲ್ಲಿ ಸಿಗುತ್ತದೆ, ಇಂಟರ್ನೆಟ್ ಇಲ್ಲದ ಕಡೆಯೂ ನಮೂದಿಸಬಹುದು.

ಸ್ಮಾರ್ಟ್‌ಫೋನ್ ಇಲ್ಲದವರ ಗತಿ ಏನು?

ಅವರಿಗೆ ಬೇರೆ ದಾರಿ ಮೊದಲ ದಿನದಿಂದಲೇ ಇರಬೇಕು. ಸಿಂಗಪುರ ಫೋನಿಲ್ಲದ ಹಿರಿಯರಿಗೆ ಕೊರಳಿಗೆ ಹಾಕಿಕೊಳ್ಳಬಹುದಾದ ಪುಟ್ಟ ಬ್ಲೂಟೂತ್ ಟೋಕನ್ ಕೊಟ್ಟಿತು. ಭಾರತದಲ್ಲಿ 2021ರ ಮೇ 1ರಿಂದ 18–44 ವಯಸ್ಸಿನವರು ಲಸಿಕೆಗೆ ಕೋವಿನ್‌ನಲ್ಲಿ ಆನ್‌ಲೈನ್ ನೋಂದಣಿ ಮಾಡಲೇಬೇಕಿತ್ತು. ಸ್ಲಾಟ್ ತೆರೆದ ಕ್ಷಣವೇ ಎಚ್ಚರಿಸುವ ಪ್ರೋಗ್ರಾಂ ಬರೆದುಕೊಂಡವರು ಹಳ್ಳಿಯ ಕೇಂದ್ರಗಳ ಸ್ಲಾಟುಗಳನ್ನೂ ಹಿಡಿದರು, ಆ ಹಳ್ಳಿಯವರು ನೋಡುತ್ತ ನಿಂತರು. ಮೇ 31ರಂದು ಸುಪ್ರೀಂ ಕೋರ್ಟ್ ಈ ಡಿಜಿಟಲ್ ಕಂದರದ ಬಗ್ಗೆ ಸರ್ಕಾರವನ್ನು ಪ್ರಶ್ನಿಸಿತು. ಜೂನ್ 21ರಿಂದ ಸರ್ಕಾರಿ, ಖಾಸಗಿ ಕೇಂದ್ರಗಳೆಲ್ಲದರಲ್ಲೂ ನೇರ ಹೋಗಿ ಅಲ್ಲೇ ನೋಂದಾಯಿಸುವ ಅವಕಾಶ ಬಂತು. ಪ್ರತಿ ಕೇಂದ್ರದ ಡೋಸುಗಳಲ್ಲಿ ಒಂದು ಪಾಲು ನೇರ ಬರುವವರಿಗೇ ಮೀಸಲಾಗಿರಬೇಕು. ಸಾದಾ ಫೋನಿನಿಂದ ಮಾಡಬಹುದಾದ ಧ್ವನಿ ಕರೆಯ ನೋಂದಣಿ, ಸ್ಥಳೀಯ ಭಾಷೆಯಲ್ಲೇ, ಜೊತೆಗಿರಬೇಕು.

## ಚಿಕಿತ್ಸೆ, ಲಸಿಕೆ

ಮನೆಯಲ್ಲಿ ಆಕ್ಸಿಮೀಟರ್ ಇಟ್ಕೊಂಡು ವೈದ್ಯರಿಗೆ ಫೋನಲ್ಲೇ ತೋರಿಸಿದ್ರೆ ಸಾಕಾ?

ಸೌಮ್ಯ ಸೋಂಕಿಗೆ ಸಾಕು, ಅಳತೆ ಸರಿಯಾಗಿದ್ದರೆ. 5 ನಿಮಿಷ ವಿಶ್ರಾಂತಿ ಪಡೆಯಿರಿ. ಉಗುರು ಬಣ್ಣ ತೆಗೆಯಿರಿ, ತಣ್ಣಗಿರುವ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ. ಕೈಯನ್ನು ಎದೆಯ ಮೇಲೆ ಅಲುಗಾಡಿಸದೆ ಇಟ್ಟುಕೊಂಡು ಕನಿಷ್ಠ 1 ನಿಮಿಷ ಕಾಯಿರಿ, ಸಂಖ್ಯೆ ನಿಂತ ಮೇಲೆ ಬರೆದುಕೊಳ್ಳಿ. ಹಾಕಿದ ಕೂಡಲೇ ಕಾಣುವ ಸಂಖ್ಯೆ ಲೆಕ್ಕಕ್ಕಿಲ್ಲ. ಇಂಗ್ಲೆಂಡಿನ ಮನೆ ನಿಗಾ ಕ್ರಮದಲ್ಲಿ 95 ಮತ್ತು ಮೇಲಿದ್ದರೆ ನಿಗಾ ಮುಂದುವರಿಕೆ, 93–94 ಬಂದರೆ ವೈದ್ಯರಿಗೆ ಕರೆ, 92 ಅಥವಾ ಕೆಳಗಿದ್ದರೆ ತಡಮಾಡದೆ ಆಸ್ಪತ್ರೆ ಎಂದಿತ್ತು. ಶ್ವಾಸಕೋಶದ ಹಳೆಯ ಕಾಯಿಲೆ ಇರುವವರಿಗೆ ಗಡಿ ಬೇರೆ, ಅದನ್ನು ಅವರ ವೈದ್ಯರೇ ಹೇಳಬೇಕು.

ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುವುದುಂಟು. 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆಕ್ಸಿಮೀಟರ್ ಹಿಡಿಯದೆ ಬಿಟ್ಟ ಆಮ್ಲಜನಕದ ಕೊರತೆ ಕಪ್ಪು ವರ್ಣೀಯರಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಇತ್ತು. ಆದ್ದರಿಂದ ಒಂದು ಸಂಖ್ಯೆಯನ್ನೇ ನೆಚ್ಚದೆ ದಿನದಿಂದ ದಿನಕ್ಕೆ ಇಳಿಯುತ್ತಿದೆಯೇ ನೋಡಿ. ಎದೆ ನೋವು, ಗೊಂದಲ, ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು ಇದ್ದರೆ ಸಂಖ್ಯೆ ಎಷ್ಟಿದ್ದರೂ ಹೊರಡಿ.

ಲಸಿಕೆ ಪ್ರಮಾಣಪತ್ರದ ಕ್ಯೂಆರ್ ಕೋಡ್‌ನಲ್ಲಿ ಅಂಥದ್ದೇನಿದೆ? ಫೋಟೊಶಾಪ್ ಮಾಡಿದ್ರೆ?

ಹೆಸರು, ಲಸಿಕೆ, ದಿನಾಂಕಗಳ ಜೊತೆ ಡಿಜಿಟಲ್ ಸಹಿ ಇದೆ. ಕೊಡುವ ಸಂಸ್ಥೆ ತನ್ನ ಗುಪ್ತ ಕೀಲಿಯಿಂದ ಸಹಿ ಮಾಡುತ್ತದೆ. ಪರಿಶೀಲಿಸುವವರ ಬಳಿ ಬಹಿರಂಗ ಕೀಲಿ ಇರುತ್ತದೆ. ಒಂದು ಅಕ್ಷರ ತಿದ್ದಿದರೂ ಸಹಿ ತಾಳೆಯಾಗದು. ಸಹಿಯ ಪರಿಶೀಲನೆಗೆ ಇಂಟರ್ನೆಟ್ ಬೇಕಿಲ್ಲ. ಆದರೆ ಸ್ಕ್ಯಾನ್ ಮಾಡದೆ ಕಣ್ಣಲ್ಲಿ ನೋಡಿ ಒಳಬಿಟ್ಟರೆ ಇಷ್ಟೆಲ್ಲ ಏರ್ಪಾಡು ವ್ಯರ್ಥ. ಲಸಿಕೆ ಹಾಕದೆಯೇ ನಮೂದು ಮಾಡುವ ಸಿಬ್ಬಂದಿಯನ್ನೂ ಸಹಿ ತಡೆಯಲಾರದು. ಯುರೋಪಿನ ಒಕ್ಕೂಟ 2021ರ ಜುಲೈ 1ರಿಂದ ಇಂಥ ಪ್ರಮಾಣಪತ್ರ ಜಾರಿಗೆ ತಂದಿತು. 2023ರಲ್ಲಿ ಆ ತಂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಜಾಗತಿಕ ಜಾಲಕ್ಕೆ ಬಳಸಿಕೊಂಡಿತು.

ಕೃತಕ ಬುದ್ಧಿಮತ್ತೆ ಎಕ್ಸ್‌ರೇ ನೋಡಿಯೇ ಕೋವಿಡ್ ಹೇಳುತ್ತಂತೆ, ನಿಜವೇ?

2020ರಲ್ಲಿ ಹಾಗೆಂದು ಹೇಳಿಕೊಂಡ ಪ್ರಬಂಧಗಳು ಸಾವಿರಾರು. ಅವುಗಳಲ್ಲಿ ಗುಣಮಟ್ಟದ ಜರಡಿ ದಾಟಿದ 62 ಅಧ್ಯಯನಗಳನ್ನು ಕೇಂಬ್ರಿಜ್ ನೇತೃತ್ವದ ತಂಡ 2021ರಲ್ಲಿ ಪರಿಶೀಲಿಸಿದಾಗ, ಆಸ್ಪತ್ರೆಯಲ್ಲಿ ಬಳಸಲು ಯೋಗ್ಯವಾದದ್ದು ಒಂದೂ ಸಿಗಲಿಲ್ಲ. ಕಾರಣ ಕಲಿಕೆಗೆ ಕೊಟ್ಟ ಚಿತ್ರಗಳಲ್ಲಿತ್ತು. ಕೆಲವರು ಕೋವಿಡ್ ಇಲ್ಲದವರ ಮಾದರಿಯಾಗಿ ಮಕ್ಕಳ ಎಕ್ಸ್‌ರೇ ಬಳಸಿದ್ದರು. ಯಂತ್ರ ಕಲಿತದ್ದು ಮಕ್ಕಳಿಗೂ ದೊಡ್ಡವರಿಗೂ ಇರುವ ವ್ಯತ್ಯಾಸವನ್ನು! ಗಂಭೀರ ರೋಗಿಗಳ ಎಕ್ಸ್‌ರೇ ಮಲಗಿಸಿ ತೆಗೆದದ್ದಾದರೆ, ಮಲಗಿದ್ದನ್ನೇ ರೋಗವೆಂದು ಯಂತ್ರ ಕಲಿಯುತ್ತದೆ. ಬೇರೊಂದು ಆಸ್ಪತ್ರೆಯ, ಯಂತ್ರ ಹಿಂದೆಂದೂ ನೋಡಿರದ ಚಿತ್ರಗಳ ಮೇಲೆ ಪರೀಕ್ಷಿಸದ ಉಪಕರಣ ಕೊಳ್ಳಬೇಡಿ.

## ದತ್ತಾಂಶ, ಕಾನೂನು, ಸಿದ್ಧತೆ

ಒಂದೇ ದಿನದ ಸಂಖ್ಯೆ ಎರಡು ಡ್ಯಾಶ್‌ಬೋರ್ಡ್‌ನಲ್ಲಿ ಬೇರೆ ಬೇರೆ ಯಾಕಿರುತ್ತೆ?

ಒಂದು ಮಾದರಿ ತೆಗೆದ ದಿನಾಂಕದಂತೆ ಎಣಿಸುತ್ತದೆ, ಇನ್ನೊಂದು ವರದಿ ಬಂದ ದಿನಾಂಕದಂತೆ. ವರದಿಯ ದಿನಾಂಕದ ಲೆಕ್ಕ ಪ್ರತಿ ಭಾನುವಾರ ಕುಸಿದು ಮಂಗಳವಾರ ಜಿಗಿಯುತ್ತದೆ. ಲ್ಯಾಬ್ ಒಂದು ಹಳೆಯ ಬಾಕಿಯನ್ನೆಲ್ಲ ಒಟ್ಟಿಗೆ ಸುರಿದರೆ ಇಲ್ಲದ ಅಲೆ ಎದ್ದಂತೆ ಕಾಣುತ್ತದೆ. ಮಾದರಿಯ ದಿನಾಂಕದ ಲೆಕ್ಕವೇ ನಿಜಕ್ಕೆ ಹತ್ತಿರ, ಆದರೆ ಅದರಲ್ಲಿ ಇತ್ತೀಚಿನ ಮೂರು ನಾಲ್ಕು ದಿನಗಳ ಸಂಖ್ಯೆ ಯಾವಾಗಲೂ ಅಪೂರ್ಣ. ಅಷ್ಟನ್ನು ಬೂದು ಬಣ್ಣದಲ್ಲಿ ತೋರಿಸದಿದ್ದರೆ ಸೋಂಕು ಇಳಿಯುತ್ತಿದೆ ಎಂದು ಮಂತ್ರಿಗಳೂ ಪತ್ರಕರ್ತರೂ ತಪ್ಪು ತಿಳಿಯುತ್ತಾರೆ. ಪರೀಕ್ಷೆ ಕಡಿಮೆಯಾದಾಗ ಚರಂಡಿ ನೀರಿನ ಪರೀಕ್ಷೆ ಕೈಹಿಡಿಯುತ್ತದೆ. ಯಾರು ಪರೀಕ್ಷೆಗೆ ಬಂದರು ಎಂಬುದರ ಮೇಲೆ ಅದು ನಿಂತಿಲ್ಲ. ಮಳೆ ನೀರು ಸೇರಿ ತೆಳುವಾಗುವುದನ್ನು ಸರಿದೂಗಿಸಲು, ಊಟದ ಮೂಲಕ ಬಹುಪಾಲು ಜನರ ಮಲದಲ್ಲಿ ಇರುವ ಮೆಣಸಿನಕಾಯಿ ಗಿಡದ ಒಂದು ವೈರಸ್ಸಿನ ಪ್ರಮಾಣಕ್ಕೆ ಹೋಲಿಸಿ ನೋಡುತ್ತಾರೆ.

ಲ್ಯಾಬ್, ಆಸ್ಪತ್ರೆ, ಲಸಿಕೆ ಎಲ್ಲದಕ್ಕೂ ಬೇರೆ ಬೇರೆ ಸಾಫ್ಟ್‌ವೇರ್. ಒಂದಕ್ಕೊಂದು ಹೊಂದಿಸೋದು ಹೇಗೆ?

ಎಲ್ಲವನ್ನೂ ಕಿತ್ತು ಒಂದೇ ಸಾಫ್ಟ್‌ವೇರ್ ಹಾಕುವ ಆಸೆ ಬಿಡಿ, ಪಿಡುಗಿನ ಮಧ್ಯೆ ಅದು ಆಗದ ಕೆಲಸ. ನಡುವೆ ಹರಿಯುವ ಸಂದೇಶಕ್ಕೆ ಒಂದು ಮಾದರಿ ನಿಗದಿ ಮಾಡಿ. ಸಂದೇಶದ ರೂಪಕ್ಕೆ ಎಚ್‌ಎಲ್7 ಫೈರ್, ಪರೀಕ್ಷೆಯ ಹೆಸರಿಗೆ ಲೋಯಿಂಕ್, ರೋಗದ ಹೆಸರಿಗೆ ಐಸಿಡಿ ಸಂಕೇತ. ಲ್ಯಾಬ್‌ನಲ್ಲಿ ದೃಢಪಟ್ಟ ಕೋವಿಡ್‌ಗೆ ಐಸಿಡಿ-10ರ ಸಂಕೇತ ಯು07.1. ಫಲಿತಾಂಶದ ಜಾಗದಲ್ಲಿ ಇಷ್ಟಬಂದಂತೆ ಬರೆಯಲು ಬಿಟ್ಟರೆ "ಪಾಸಿಟಿವ್", "ಪಾಸ್", "+", "ಡಿಟೆಕ್ಟೆಡ್" ಎಂದು ಹತ್ತು ಬಗೆ ಬರುತ್ತದೆ, "ನಾಟ್ ಡಿಟೆಕ್ಟೆಡ್" ಅನ್ನು ಯಂತ್ರ ಡಿಟೆಕ್ಟೆಡ್ ಎಂದು ಓದುವ ಅಪಾಯವೂ ಇದೆ. ಆಯ್ಕೆಯ ಪಟ್ಟಿ ಮಾತ್ರ ಕೊಡಿ. ಈಗಾಗಲೇ ಇರುವುದನ್ನು ಹಿಗ್ಗಿಸುವುದು ಯಾವಾಗಲೂ ಬೇಗ. ಶ್ರೀಲಂಕಾ ತಾನು ಮೊದಲೇ ಬಳಸುತ್ತಿದ್ದ ಡಿಎಚ್‌ಐಎಸ್2 ಎಂಬ ಆರೋಗ್ಯ ಮಾಹಿತಿ ಸಾಫ್ಟ್‌ವೇರ್ ಮೇಲೆ, ಬಂದಿಳಿಯುವ ಪ್ರಯಾಣಿಕರ ನಿಗಾ ವ್ಯವಸ್ಥೆಯನ್ನು 2020ರ ಜನವರಿಯಲ್ಲೇ ಕಟ್ಟಿತು. ಆಮೇಲೆ ಹಲವು ದೇಶಗಳು ಅದನ್ನೇ ಎತ್ತಿಕೊಂಡವು.

ಪ್ರಾಣ ಉಳಿಯೋದು ಮುಖ್ಯ ಅಂದ ಮೇಲೆ ಖಾಸಗಿತನದ ಮಾತು ಯಾಕೆ?

ನಂಬಿಕೆ ಹೋದರೆ ಜನ ಪರೀಕ್ಷೆಗೇ ಬರುವುದಿಲ್ಲ, ಅದಕ್ಕೆ. ದಕ್ಷಿಣ ಕೊರಿಯ 2015ರ ಮರ್ಸ್ ಸೋಂಕಿನ ಹಾವಳಿಯ ನಂತರ ಕಾನೂನು ತಿದ್ದಿಕೊಂಡು, ಸೋಂಕಿತರ ಮೊಬೈಲ್ ಸ್ಥಳ ಮತ್ತು ಕಾರ್ಡ್ ವ್ಯವಹಾರದ ಮಾಹಿತಿ ಪಡೆಯುವ ಅಧಿಕಾರ ಕೊಟ್ಟಿತು. 2020ರ ಮಾರ್ಚ್ 26ರಂದು ಶುರುವಾದ ವ್ಯವಸ್ಥೆ, ಒಂದು ದಿನ ಹಿಡಿಯುತ್ತಿದ್ದ ಪತ್ತೆಯನ್ನು 10 ನಿಮಿಷಕ್ಕೆ ಇಳಿಸಿತು. ಅದೇ ದೇಶದಲ್ಲಿ ಸೋಂಕಿತರು ಎಲ್ಲೆಲ್ಲಿ ಓಡಾಡಿದರೆಂದು ವಿವರವಾಗಿ ಪ್ರಕಟಿಸಿದ್ದರಿಂದ ವ್ಯಕ್ತಿಗಳ ಗುರುತು ಬಯಲಾಯಿತು. ಮೇ ತಿಂಗಳಲ್ಲಿ ರಾಜಧಾನಿ ಸೋಲ್‌ನ ಇಟೆವಾನ್ ಬಡಾವಣೆಯ ಕ್ಲಬ್‌ಗಳಲ್ಲಿ ಸೋಂಕು ಹರಡಿದಾಗ ಜನ ಹೆದರಿ ಮುಂದೆ ಬರಲಿಲ್ಲ, ಸೋಲ್ ನಗರ ಹೆಸರು ಕೇಳದ ಪರೀಕ್ಷೆ ಶುರು ಮಾಡಬೇಕಾಯಿತು. ಸಿಂಗಪುರದಲ್ಲಿ ಸಂಪರ್ಕ ಪತ್ತೆಗೆ ಮಾತ್ರ ಎಂದಿದ್ದ ಮಾಹಿತಿಯನ್ನು ಪೊಲೀಸರೂ ಪಡೆಯಬಹುದೆಂದು 2021ರ ಜನವರಿಯಲ್ಲಿ ಗೊತ್ತಾಗಿ ಜನ ಸಿಟ್ಟಾದರು. ಮರು ತಿಂಗಳೇ, ಏಳು ಬಗೆಯ ಗಂಭೀರ ಅಪರಾಧಗಳಿಗೆ ಮಾತ್ರ ಎಂದು ಕಾನೂನು ಮಾಡಿದರು. ನಾರ್ವೆ ಸ್ಥಳದ ಮಾಹಿತಿ ಸಂಗ್ರಹಿಸುತ್ತಿದ್ದ ತನ್ನ ಆ್ಯಪ್ ಅನ್ನು 2020ರ ಜೂನ್‌ನಲ್ಲಿ ನಿಲ್ಲಿಸಿ, ಡಿಸೆಂಬರ್‌ನಲ್ಲಿ ಬೇರೆ ವಿನ್ಯಾಸದೊಂದಿಗೆ ಮರಳಿ ತಂದಿತು.

ಕಾನೂನು ಆ್ಯಪ್‌ಗಿಂತ ಮೊದಲು ಬರಬೇಕು. ಏನನ್ನು ಸಂಗ್ರಹಿಸುತ್ತೀರಿ, ಯಾರು ನೋಡಬಹುದು, ಎಷ್ಟು ದಿನಕ್ಕೆ ಅಳಿಸುತ್ತೀರಿ, ಬೇರೆ ಕೆಲಸಕ್ಕೆ ಬಳಸಿದರೆ ಶಿಕ್ಷೆ ಏನು, ಇಷ್ಟು ಅದರಲ್ಲಿರಲಿ. ಅಂಕಿಅಂಶ ಪ್ರಕಟಿಸುವಾಗ 5ಕ್ಕಿಂತ ಕಡಿಮೆ ಇರುವ ಸಂಖ್ಯೆ ಮರೆಮಾಡಿ. ಒಂದನ್ನೇ ಮರೆಮಾಡಿದರೆ ಒಟ್ಟು ಮೊತ್ತದಿಂದ ಕಳೆದು ಕಂಡುಹಿಡಿಯಬಹುದು, ಅದೇ ಸಾಲಿನ ಇನ್ನೊಂದನ್ನೂ ಮರೆಮಾಡಬೇಕು.

ಪಿಡುಗು ಮುಗಿದ ಮೇಲೆ ಇದನ್ನೆಲ್ಲ ಮುಚ್ಚಿಬಿಡಬೇಕಾ?

ವ್ಯಕ್ತಿಗಳ ಓಡಾಟದ, ಭೇಟಿಯ ದಾಖಲೆ ಅಳಿಸಲೇಬೇಕು. ಲ್ಯಾಬ್ ಜಾಲ, ಲಸಿಕೆ ದಾಖಲೆ, ಶೀತಲ ಸರಪಳಿಯ (ಲಸಿಕೆಯನ್ನು ತಣ್ಣಗಿಡುವ ಏರ್ಪಾಡಿನ) ನಿಗಾ ಇವನ್ನು ದಿನನಿತ್ಯದ ಕೆಲಸಕ್ಕೆ ತಿರುಗಿಸಬೇಕು. ಕೋವಿನ್‌ನ ಅನುಭವದ ಮೇಲೆ ಭಾರತ ತಾಯಂದಿರ, ಮಕ್ಕಳ ವಾಡಿಕೆಯ ಲಸಿಕೆಗಾಗಿ ಯು-ವಿನ್ ತಂದಿದ್ದು ಹೀಗೆ. ದಿನವೂ ಬಳಸದ ವ್ಯವಸ್ಥೆಯ ಪಾಸ್‌ವರ್ಡ್ ಕೂಡ ತುರ್ತಿನ ದಿನ ಯಾರಿಗೂ ನೆನಪಿರುವುದಿಲ್ಲ.

ವರ್ಷಕ್ಕೊಮ್ಮೆ ಅಣಕು ಕವಾಯತು ಮಾಡಿ. ಮಾಮೂಲಿಗಿಂತ 10 ಪಟ್ಟು ನಕಲಿ ಫಲಿತಾಂಶಗಳನ್ನು ಲ್ಯಾಬ್ ಜಾಲಕ್ಕೆ ಬಿಟ್ಟು ಸರ್ವರ್, ಒಟಿಪಿ, ಎಸ್ಸೆಮ್ಮೆಸ್ ತಡೆಯುತ್ತವೆಯೇ ನೋಡಿ. ಮೊದಲು ಕಡಿದುಹೋಗುವ ಕೊಂಡಿ ಸಾಮಾನ್ಯವಾಗಿ ಒಟಿಪಿಯೇ, ಏಕೆಂದರೆ ಅದು ಆರೋಗ್ಯ ಇಲಾಖೆಯ ಕೈಯಲ್ಲಿಲ್ಲ, ದೂರಸಂಪರ್ಕ ಕಂಪನಿಗಳ ಸಾಲಿನಲ್ಲಿ ನಿಂತಿರುತ್ತದೆ. 2021ರಲ್ಲಿ ತಜ್ಞರು ಮುಂದಿಟ್ಟ 7-1-7 ಗುರಿಯನ್ನೇ ಅಳತೆಗೋಲು ಮಾಡಿಕೊಳ್ಳಬಹುದು: ಹೊಸ ರೋಗ ತಲೆಯೆತ್ತಿದ 7 ದಿನದಲ್ಲಿ ಪತ್ತೆ, 1 ದಿನದಲ್ಲಿ ಅಧಿಕಾರಿಗಳಿಗೆ ತಿಳಿಸುವುದು, ಮುಂದಿನ 7 ದಿನದಲ್ಲಿ ಮೊದಲ ಹಂತದ ಕ್ರಮಗಳನ್ನು ಮುಗಿಸುವುದು. ಕವಾಯತಿನಲ್ಲಿ ಯಾವ ಅಂಕಿ ತಪ್ಪಿತೋ ಮರುವರ್ಷದ ಹಣ ಅಲ್ಲಿಗೆ ಹೋಗಲಿ.